ನೀರುಗಂಟಿ ಹೊನ್ನಪ್ಪನ ಫೋನು

ಪಾಂಡವಪುರದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ, ಕೆಂಚನಕಟ್ಟೆ. ದೊಡ್ಡ ನಾಲೆಯಿಂದ ಒಡೆದು ಬಂದ ಒಂದು ಸೀಳುನಾಲೆ ಊರಿನ ಬೆನ್ನಿಗೇ ಹರಿಯುತ್ತದೆ. ಆ ನಾಲೆಗೆ ಹೊನ್ನಪ್ಪ ನೀರುಗಂಟಿ. ಅವನ ಅಪ್ಪನೂ ಅದೇ ಕೆಲಸ ಮಾಡಿಕೊಂಡು ಬಂದವನು. ತೂಬು ಎತ್ತಬೇಕು, ಇಳಿಸಬೇಕು, ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಎಂದು ಸರದಿ ನೋಡಬೇಕು, ಹೂಳು ನಿಂತ ಕಡೆ ಗುದ್ದಲಿ ಹಾಕಬೇಕು, ಸರದಿ ತಪ್ಪಿಸಿ ನೀರು ತಿರುಗಿಸಿಕೊಂಡವರನ್ನು ನಾಲ್ಕು ಮಾತು ಬೈದು ಆಮೇಲೆ ಅವರ ಮನೆಯಲ್ಲೇ ಕಾಫಿ ಕುಡಿದು ಬರಬೇಕು. ಊರಿನಲ್ಲಿ ಅವನನ್ನು ಬೈಯದವರಿಲ್ಲ. ಅವನನ್ನು ಬಿಟ್ಟರೆ ನಡೆಯುತ್ತದೆ ಎನ್ನುವವರೂ ಇಲ್ಲ.

ಹೊನ್ನಪ್ಪ ಮಾತಿನಲ್ಲಿ ನಿಧಾನ, ನಡಿಗೆಯಲ್ಲಿ ಚುರುಕು. ಪಂಚೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿ ಏರಿಯ ಮೇಲೆ ಹೊರಟನೆಂದರೆ ಹುಡುಗರೂ ಹಿಂದೆ ಬೀಳುತ್ತಿದ್ದರು. ಮೊದಲೆಲ್ಲ ನೀರು ಬರುವ ಸುದ್ದಿ ನಾಲೆಯಲ್ಲೇ ಬರುತ್ತಿತ್ತು. ಮೇಲಿನ ಊರಿನ ನೀರುಗಂಟಿ ಬಾಳೆದಿಂಡಿಗೆ ಒಂದು ತುಂಡು ಕೆಂಪು ಬಟ್ಟೆ ಕಟ್ಟಿ ತೇಲಿಬಿಡುತ್ತಿದ್ದ. ದಿಂಡು ಕಂಡರೆ ಹಿಂದೆಯೇ ನೀರು ಜೋರಾಗಿದೆ ಎಂದು ಅರ್ಥ. ಈಗ ಆ ಜಾಗಕ್ಕೆ ಫೋನು ಬಂದಿದೆ.

ಹೊನ್ನಪ್ಪನ ಕೈಗೆ ಬಂದ ಫೋನು ಹೊಸದಲ್ಲ. ಕಿಕ್ಕೇರಿಗೆ ಕೊಟ್ಟ ಮಗಳು ಮೇಘನ ತಾನು ಬೇರೆಯದು ತೆಗೆದುಕೊಂಡಾಗ ಹಳೆಯದನ್ನು ಅಪ್ಪನಿಗೆ ಕೊಟ್ಟಳು. ಬೆರಳಿನಲ್ಲಿ ಹೇಗೆ ಸವರಬೇಕು, ಹೇಗೆ ಒತ್ತಬೇಕು ಎಂದು ಕೂತು ತೋರಿಸಿದಳು. ಓದು ಬರಹ ಅಷ್ಟಕ್ಕಷ್ಟೇ ಆದ ಹೊನ್ನಪ್ಪನಿಗೆ ಹಿಡಿಸಿದ್ದು ಮಾತು ಕಳಿಸುವುದು. ನಾಲೆಯ ರೈತರದ್ದೆಲ್ಲ ಒಂದು ವಾಟ್ಸಾಪ್ ಗುಂಪು. ಅದರಲ್ಲಿ ದಿನಾ ಬೆಳಿಗ್ಗೆ ಅವನ ದನಿ: "ಇವತ್ತು ನೀರು ಕಮ್ಮಿ ಬತ್ತಾ ಅದೆ. ಕಡೇ ಗದ್ದೆಯೋರು ಅವಸ್ರ ಬೀಳ್ಬ್ಯಾಡಿ. ಸರದಿ ಬಂದ್ ಮ್ಯಾಲೆ ನಾನೇ ಯೋಳ್ತೀನಿ." ಫೋನು ಅವನ ಅಂಗಿಯ ಜೇಬಿನಲ್ಲಿ, ಬಗ್ಗಿ ಕೆಲಸ ಮಾಡುವಾಗ ಸೊಂಟದಲ್ಲಿ, ಮಳೆ ಬಂದರೆ ಪ್ಲಾಸ್ಟಿಕ್ ಕವರಿನಲ್ಲಿ. ಎರಡು ಸಲ ನಾಲೆಯ ಕೆಸರಿಗೂ ಬಿದ್ದು ಎದ್ದಿತ್ತು.

ಆ ಫೋನಿನಿಂದ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ತೀರಿಹೋದ ಮರಿಯಯ್ಯನಿಗೆ ಇಬ್ಬರು ಮಕ್ಕಳು. ದೊಡ್ಡವನು ಅಶೋಕ, ಚಿಕ್ಕವನು ಕೃಷ್ಣ. ಭಾಗವಾದ ಮೇಲೆ ಇಬ್ಬರ ಗದ್ದೆಯ ನಡುವೆ ಬಿದ್ದ ಬದುವಿನ ವಿಚಾರಕ್ಕೆ ಮಾತು ಬೆಳೆಯಿತು. ಅಣ್ಣ ಒಳಕ್ಕೆ ಒತ್ತಿಕೊಂಡ ಎಂದು ತಮ್ಮ, ತಮ್ಮ ಕೊರೆದುಕೊಂಡ ಎಂದು ಅಣ್ಣ. ಎಷ್ಟೋ ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಆದರೆ ಇಬ್ಬರ ಗದ್ದೆಗೂ ನೀರು ಒಂದೇ ತೂಬಿನದು. ಅಶೋಕ ಫೋನು ಮಾಡಿ, "ಅಣ್ಣ, ನಂದು ಮುಗೀತು ಅಂತ ಅವ್ನಿಗೆ ಯೋಳ್ಬುಡು" ಎನ್ನುತ್ತಿದ್ದ. ಹೊನ್ನಪ್ಪ ಕೃಷ್ಣನಿಗೆ ಮಾಡಿ, "ನಿಂದ್ ಬುಟ್ಕೊಳಪ್ಪ" ಎನ್ನುತ್ತಿದ್ದ. ಹೀಗೆ ಅವನ ಬಾಯಿಂದಲೇ ಇಬ್ಬರ ಬೇಸಾಯವೂ ನಡೆದುಕೊಂಡು ಹೋಗುತ್ತಿತ್ತು.

ಆಷಾಢ ಕಳೆದು ಒಟ್ಲು ಬಿಡುವ ಕಾಲ, ಭತ್ತದ ಸಸಿಮಡಿ ಮಾಡುವ ಕಾಲ. ಅಣೆಕಟ್ಟೆಯ ನೀರು ಕಟ್ಟುಪದ್ಧತಿಯಲ್ಲಿ ಬರುತ್ತಿತ್ತು, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು. ನೀರು ನಿಂತಿದ್ದ ಆ ಬಿಡುವಿನಲ್ಲಿ ಹೊನ್ನಪ್ಪ ಹೂಳು ತೆಗೆಯುತ್ತಿದ್ದ. ಅಶೋಕನ ಗದ್ದೆಯ ಮುಂದಿನ ತೂಬಿನ ಬಾಗಿಲನ್ನು ಅದಕ್ಕೆಂದೇ ಪೂರಾ ಎತ್ತಿ ಇಟ್ಟಿದ್ದ. ಅದೇ ತೂಬಿನ ಕೆಳಗೆ ಅಶೋಕ ಮೊಳಕೆ ಕಟ್ಟಿದ ಭತ್ತವನ್ನು ಒಟ್ಲು ಪಾತಿಗೆ ಚೆಲ್ಲಿ, ಬೀಗರ ಮನೆಯ ಗೃಹಪ್ರವೇಶಕ್ಕೆಂದು ನಾಗಮಂಗಲಕ್ಕೆ ಹೋಗಿದ್ದ. ಹೋಗುವಾಗ, "ನೀರು ಬರಕ್ ಮುಂಚೆ ತೂಬು ಇಳುಸ್ಬುಡಣ್ಣ. ಇಲ್ದಿದ್ರೆ ಬಿತ್ತನೆ ಎಲ್ಲಾ ಕೊಚ್ಕೊಂಡೋಯ್ತದೆ" ಎಂದು ಹೇಳಿಯೇ ಹೋಗಿದ್ದ. ನೀರು ಬಿಡುವುದು ನಾಳಿದ್ದು ಎಂದು ಮೇಲಿನಿಂದ ಸುದ್ದಿಯಿತ್ತು. ನಾಳೆ ಉಳಿದ ಹೂಳು ತೆಗೆದು ಬಾಗಿಲು ಇಳಿಸಿದರಾಯಿತು ಎಂದುಕೊಂಡು ಹೊನ್ನಪ್ಪ ಸಂಜೆ ಮನೆಗೆ ಬಂದ.

ಕೈಕಾಲು ತೊಳೆದು ಫೋನನ್ನು ಚಾರ್ಜಿಗೆ ಹಾಕಿದ. ಪ್ರತಿದಿನ ಮೂಡುತ್ತಿದ್ದ ಮಿಂಚಿನ ಗುರುತು ಮೂಡಲಿಲ್ಲ. ಇನ್ನೊಮ್ಮೆ ಹಾಕಿದ. ಇಲ್ಲ.

"ಕರೆಂಟ್ ಓಗದಾ ಅಮ್ಮಿ?" ಎಂದು ಒಳಗಿದ್ದ ಹೆಂಡತಿಯನ್ನು ಕೇಳಿದ.

"ತಲೆ ಮ್ಯಾಲೆ ಬಲ್ಬು ಉರೀತಾ ಅದೆ, ಕರೆಂಟ್ ಓಗದಾ ಅಂತೀಯಲ್ಲ" ಎಂದಳು ಮಾದಮ್ಮ, ಒಲೆಯ ಮುಂದಿನಿಂದ ಏಳದೆ.

ಮಿಕ್ಸಿ ಹಾಕುವ ಸ್ವಿಚ್ಚಿಗೆ ಹಾಕಿ ನೋಡಿದ. ವೈರನ್ನು ಬುಡದಲ್ಲಿ ಅಲುಗಾಡಿಸಿದ. ಒಂದು ಕಡೆಗೆ ವಾಲಿಸಿ ಹಿಡಿದಾಗ ಮಿಂಚು ಮೂಡಿ ಮಾಯವಾಯಿತು. ಅಷ್ಟು ಸಾಕಾಯಿತು ಹೊನ್ನಪ್ಪನಿಗೆ. ವೈರನ್ನು ಅದೇ ಓರೆಯಲ್ಲಿ ರಬ್ಬರ್ ಬ್ಯಾಂಡು ಸುತ್ತಿ ನಿಲ್ಲಿಸಿ, ಮೇಲೆ ಕಾಯಿ ಜಜ್ಜುವ ಗುಂಡುಕಲ್ಲನ್ನು ಇಟ್ಟ. ಉಣ್ಣುವುದಕ್ಕೆ ಕೂತು ಎದ್ದು ಬರುವ ಹೊತ್ತಿಗೆ ಇದ್ದ ಚಾರ್ಜೂ ಇಳಿದಿತ್ತು. ಪಕ್ಕದ ಮನೆಯ ಪುಟ್ಟತಾಯಮ್ಮ ತಮ್ಮ ಮನೆಯ ಚಾರ್ಜರು ತಂದುಕೊಟ್ಟಳು. ಅದರಲ್ಲೂ ಇಲ್ಲ.

"ತಂಡಿ ಇಡ್ಕೊಂಡಿರ್ತದೆ ಕಣಣ್ಣ. ಅಕ್ಕಿ ಡಬ್ಬಕ್ಕೆ ಆಕ್ಬುಡು, ಒತ್ತಾರೆಗೆ ಎಳ್ಕೊಂಡಿರ್ತದೆ. ನನ್ ತಂಗಿ ಮನೇಲಿ ಇಂಗೇ ಮಾಡಿದ್ರು" ಎಂದಳು ಪುಟ್ಟತಾಯಮ್ಮ.

ಅಕ್ಕಿ ಡಬ್ಬದಲ್ಲಿ ಮಲಗಿದ ಫೋನು ಬೆಳಗಿನ ಹೊತ್ತಿಗೆ ಪೂರಾ ತಣ್ಣಗಾಗಿತ್ತು. ಗುಂಡಿ ಒತ್ತಿದರೆ ಕಪ್ಪು ಗಾಜಿನಲ್ಲಿ ಹೊನ್ನಪ್ಪನ ಮುಖವೇ ಕಂಡಿತು. ಚಾರ್ಜರು ಸಿಕ್ಕಿಸುವ ತೂತಿನೊಳಗೆ ಎರಡು ಅಕ್ಕಿ ನುಚ್ಚು ಬೇರೆ ಸಿಕ್ಕಿಕೊಂಡಿದ್ದವು.

ನಾಳೆ ನೀರು ಬರುವ ಹೊತ್ತಿಗೆ ಫೋನು ಬೇಕೇ ಬೇಕು ಎಂದುಕೊಂಡು ಅವನು ಮೊದಲ ಬಸ್ಸಿಗೇ ಪಾಂಡವಪುರಕ್ಕೆ ಹೊರಟ. ಅಂಗಡಿಯವನು ಫೋನನ್ನು ತಿರುಗಿಸಿ ನೋಡಿ, "ಇದ್ರ ಸಾಮಾನು ಈಗ ಬರೋದೇ ಇಲ್ಲ ಯಜಮಾನ್ರೆ. ಬೇರೆ ತಗೊಳಿ. ಇಲ್ಲಾ ಅಂದ್ರೆ ಪಟ್ಣದ ಬಸ್‌ಸ್ಟ್ಯಾಂಡ್ ತಾವ ಯಾಸಿನ್ ಅಂಗ್ಡಿ ಅಂತ ಅದೆ. ಅವರು ಹಳೇ ಸೆಟ್ಟೆಲ್ಲ ಗುಡ್ಡೆ ಆಕ್ಕೊಂಡವ್ರೆ, ಕೇಳ್ ನೋಡಿ" ಎಂದ. ಆ ಕಡೆಯವರಿಗೆ ಪಟ್ಣ ಎಂದರೆ ಶ್ರೀರಂಗಪಟ್ಟಣ. ಹೊನ್ನಪ್ಪ ಮತ್ತೆ ಬಸ್ಸು ಹತ್ತಿದ. ಕಿಟಕಿಯ ಪಕ್ಕ ಕೂತವನಿಗೆ ಎಡಗಡೆ ಕರಿಘಟ್ಟ ಕಾಣುವವರೆಗೂ ಜೇಬಿನ ಮೇಲೆ ಕೈ ಹೋಗುತ್ತಲೇ ಇತ್ತು. ರಿಂಗಾಗದ ಫೋನು ರಿಂಗಾದಂತೆ ಅನಿಸುತ್ತಿತ್ತು.

ಯಾಸಿನ್ ಅಂಗಡಿಯಲ್ಲಿ ಯಾಸಿನ್ ಇರಲಿಲ್ಲ. ಮಾಲು ತರಲು ಮೈಸೂರಿಗೆ ಹೋಗಿದ್ದ. ಕೂತಿದ್ದವಳು ಅವನ ಹೆಂಡತಿ ಅಲ್ಮಾಸ್. ದುಪಟ್ಟಾವನ್ನು ಕಿವಿಯ ಹಿಂದಕ್ಕೆ ಸಿಕ್ಕಿಸಿಕೊಂಡು, ಕಣ್ಣಿಗೆ ಭೂತಗಾಜು ಏರಿಸಿಕೊಂಡು ಕೆಲಸ ಮಾಡುತ್ತಿದ್ದಳು.

"ಕೂರಿ ಚಾಚಾ. ಏನಾಗಿದೆ?"

"ಚಾರ್ಜೇ ಆಯ್ತಿಲ್ಲ ಕಣವ್ವ. ಚಾರ್ಜರ್ ಬದ್ಲಾಯ್ಸ್ ನೋಡ್ದೆ, ಸ್ವಿಚ್ ಬದ್ಲಾಯ್ಸ್ ನೋಡ್ದೆ, ಅಕ್ಕೀಗೂ ಆಕ್ದೆ."

"ಅಕ್ಕಿ ಅನ್ನ ಮಾಡೋಕೆ ಚಾಚಾ" ಎಂದು ಅಲ್ಮಾಸ್ ನಕ್ಕಳು. ಟಾರ್ಚು ಹಿಡಿದು ತೂತಿನೊಳಗೆ ಇಣುಕಿದಳು. ಸಣ್ಣ ಸೂಜಿಯಲ್ಲಿ ಮೆಲ್ಲಗೆ ಕೆದಕಿದಳು. ನುಚ್ಚು ಬಂತು, ಅದರ ಹಿಂದೆ ಅಂಗಿಯ ನೂಲು, ನೂಲಿನ ಹಿಂದೆ ಒಣಗಿ ಗಟ್ಟಿಯಾದ ನಾಲೆಯ ಕೆಸರು. ಬಿಳಿಯ ಕಾಗದದ ಮೇಲೆ ಅದನ್ನೆಲ್ಲ ಉದುರಿಸಿದಾಗ ಹೊನ್ನಪ್ಪನಿಗೆ ಸಂಕೋಚವಾಯಿತು. ತನ್ನ ತೂಬಿನ ಹೂಳು ತೆಗೆದು ಯಾರೋ ತನಗೇ ತೋರಿಸಿದಂತೆ ಇತ್ತು.

ಬ್ರಶ್ಶಿಗೆ ಸ್ಪಿರಿಟ್ಟು ಅದ್ದಿ ಉಜ್ಜಿ, ತನ್ನ ಚಾರ್ಜರು ಹಾಕಿದಳು. ಈಗಲೂ ಮಿಂಚಿಲ್ಲ. ಹಿಂದಿನ ಮುಚ್ಚಳ ಬಿಚ್ಚಿದಳು. ಬ್ಯಾಟರಿ ಎಣ್ಣೆಯಿಂದ ಎದ್ದ ಪೂರಿಯ ಹಾಗೆ ಉಬ್ಬಿತ್ತು. ಚಾರ್ಜು ಹೋಗುವ ಜಾಗದ ಪುಟ್ಟ ಬೋರ್ಡಿನ ಮೇಲೆ ಹಸಿರು ಕಿಲುಬು.

"ನೀರು ಕುಡಿದಿದೆ ಚಾಚಾ ಇದು. ಇವತ್ತು ನಿನ್ನೆದಲ್ಲ. ಇಷ್ಟು ದಿನ ನಡೀತಲ್ಲ, ಅದೇ ಹೆಚ್ಚು. ಇದೇ ಜಾತಿದು ಒಂದು ಒಡೆದ ಸೆಟ್ ಇದೆ, ಅದರ ಬೋರ್ಡ್ ಕಿತ್ತು ಹಾಕ್ತೀನಿ. ಬ್ಯಾಟ್ರಿ ಅವರು ಬರುವಾಗ ತರ್ತಾರೆ. ಸಂಜೆ ಆಗುತ್ತೆ. ಪರವಾಗಿಲ್ವಾ?"

"ಆಗ್ಲವ್ವ. ಆದ್ರೆ ನಂಗೆ ಯಾರಾರ ಫೋನ್ ಮಾಡಿದ್ರೆ?"

ಅಲ್ಮಾಸ್ ಸಿಮ್ಮನ್ನು ತೆಗೆದು, ಮೇಜಿನ ಖಾನೆಯಲ್ಲಿದ್ದ ಒಂದು ಗುಂಡಿ ಫೋನಿಗೆ ಹಾಕಿ ಅವನ ಕೈಗಿಟ್ಟಳು. "ಅಲ್ಲೀವರೆಗೂ ಇದನ್ನ ಇಟ್ಕೊಳಿ."

ಫೋನು ಅವನ ಅಂಗೈಯಲ್ಲಿ ಬೆಚ್ಚಗಾಗುವ ಮೊದಲೇ ರಿಂಗಾಯಿತು. ಹೆಸರಿಲ್ಲ, ಬರೀ ನಂಬರು. ಕಿವಿಗಿಟ್ಟರೆ ಮೇಲಿನ ಊರಿನ ನೀರುಗಂಟಿ ನಂಜಪ್ಪನ ದನಿ.

"ಎಲ್ಲೋಗಿದ್ದೀಯಲಾ ಹೊನ್ನ? ಒತ್ತಾರಿಂದ ಬಡ್ಕೊತಾವ್ನಿ, ಸ್ವಿಚಾಫ್ ಅಂತದೆ. ಬೆಳಕರಿಯೋ ಒತ್ಗೇ ನೀರು ಬುಟ್ಬುಟ್ರು ಕಣ್ಲಾ."

"ನಾಳೆ ಅಂದಿದ್ರಲ್ಲಾ?"

"ಅಂದಿದ್ರು. ಒಂದಿನ ಮುಂಚೇನೇ ಬುಟ್ರು. ಯಾಕೆ ಅಂತ ನಂಗೆ ಯಾರ್ ಯೋಳ್ತಾರೆ? ನಿನ್ ತಾವ್ಕೆ ಇನ್ನೇನು ಬಂದೇಬುಡ್ತದೆ."

ಹೊನ್ನಪ್ಪ ಎದ್ದು ನಿಂತ. ಎತ್ತಿಟ್ಟ ತೂಬು ಕಣ್ಣ ಮುಂದೆ ಬಂತು. ಅದರ ಕೆಳಗೆ ಅಶೋಕನ ಒಟ್ಲು, ಮಣ್ಣಿಗೆ ಇನ್ನೂ ಬೇರು ಕಚ್ಚದ ಭತ್ತ. ನೀರು ರಭಸದಿಂದ ನುಗ್ಗಿದರೆ ಒಂದು ಕಾಳೂ ಉಳಿಯುವುದಿಲ್ಲ. ಮತ್ತೆ ಬಿತ್ತನೆ ತಂದು ಮೊಳಕೆ ಕಟ್ಟಿಸುವ ಹೊತ್ತಿಗೆ ನಾಟಿಯ ಕಾಲವೇ ಮೀರುತ್ತದೆ. ಯಾರಿಗಾದರೂ ಹೇಳೋಣವೆಂದರೆ ಊರಿನವರ ನಂಬರೆಲ್ಲ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿದ್ದ ಆ ಫೋನಿನೊಳಗಿದ್ದವು. ಒಂದೂ ಬಾಯಿಗೆ ಬರುವುದಿಲ್ಲ. ಮಾದಮ್ಮನಿಗೆ ಬೇರೆ ಫೋನಿಲ್ಲ.

ತೂಬು, ಒಟ್ಲು, ಬದು ಎಂದು ಮನಸ್ಸಿನಲ್ಲೇ ಏರಿಯ ಮೇಲೆ ಓಡಾಡುತ್ತಿದ್ದವನಿಗೆ ಬದುವಿನ ಆಚೆ ನಿಲ್ಲಿಸುತ್ತಿದ್ದ ಕೃಷ್ಣನ ಟ್ರಾಕ್ಟರು ನೆನಪಾಯಿತು. ಟ್ರೇಲರಿನ ಹಿಂದೆ ಹಳದಿ ಬಣ್ಣದಲ್ಲಿ, ಬಾಡಿಗೆಗೆ ಸಿಗುತ್ತದೆ ಎಂದು ಬರೆಸಿ ಕೆಳಗೆ ದಪ್ಪನೆಯ ನಂಬರು. ಆ ಟ್ರೇಲರಿನ ಹಿಂದೆ ಧೂಳು ಕುಡಿಯುತ್ತ ಎಷ್ಟು ಸಲ ನಡೆದಿದ್ದನೋ. ಕಣ್ಣು ಮುಚ್ಚಿ ಒಂದೊಂದೇ ಅಂಕಿ ಹೇಳಿದ. ಅಲ್ಮಾಸ್ ಒತ್ತಿದಳು.

"ಕೃಷ್ಣ, ನಾನ್ ಕಣಪ್ಪ, ಹೊನ್ನಪ್ಪ. ಎಲ್ಲಿದ್ದೀಯೆ?"

"ಮನೆ ತಾವ್ಲೇ ಅವ್ನಿ. ನಿನ್ ಫೋನು ಸ್ವಿಚಾಫ್ ಇತ್ತಲ್ಲಣ್ಣ?"

"ಅದಿರ್ಲಿ. ನಾಲೆಗೆ ನೀರು ಬತ್ತಾ ಅದೆ. ನಿಮ್ಮಣ್ಣನ ಒಟ್ಲು ಮುಂದ್ಲ ತೂಬು ಎತ್ತಿದಂಗೇ ಅದೆ. ನಾನು ಪಟ್ಣದಲ್ಲಿ ಸಿಗಾಕೊಂಡಿವ್ನಿ. ನೀನ್ ಓಗಿ ಇಳುಸ್ಬುಡಪ್ಪ."

ಆ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು. ಕೃಷ್ಣ, "ಅವ್ನಿಗೇ ಯೋಳು" ಎಂದ.

"ಅವ್ನು ನಾಗಮಂಗಲ್ದಲ್ಲವ್ನೆ. ಅವ್ನ ನಂಬರೂ ನನ್ ತಾವಿಲ್ಲ."

"ನಾನು ಆ ತೂಬು ಮುಟ್ಟಿದ್ರೆ ನಾಳೆ ಏನಾರ ಎಚ್ಚುಕಮ್ಮಿ ಆದಾಗ ನನ್ ತಲೆ ಮ್ಯಾಲೇ ಬತ್ತದೆ ಕಣಣ್ಣ. ಬೇಕು ಅಂತ ಮಾಡ್ದ ಅಂತಾನೆ."

"ನಾನ್ ಯೋಳಿದ್ಕೆ ಮಾಡ್ದ ಅಂತ ನಾನೇ ಯೋಳ್ತೀನಿ. ತೂಬು ತಿರುಗ್ಸೋ ಹ್ಯಾಂಡ್ಲು ನಮ್ಮನೇಲದೆ. ಮಾದಮ್ಮನ್ನ ಕೇಳು, ಕೊಡ್ತಾಳೆ."

"ಮಡುಗು" ಎಂದು ಕೃಷ್ಣ ಫೋನಿಟ್ಟ. ಹೋಗುತ್ತೇನೆ ಎನ್ನಲಿಲ್ಲ, ಹೋಗುವುದಿಲ್ಲ ಎಂದೂ ಅನ್ನಲಿಲ್ಲ.

ಹೊನ್ನಪ್ಪ ಬಿಚ್ಚಿದ ತನ್ನ ಫೋನನ್ನೂ ಬಸ್‌ಸ್ಟ್ಯಾಂಡಿನ ಕಡೆಗೂ ನೋಡಿದ. ಅಲ್ಮಾಸಿಗೆ ಅಷ್ಟರಲ್ಲಿ ವಿಷಯ ಗೊತ್ತಾಗಿತ್ತು. "ಈ ಫೋನ್ ತಗೊಂಡೋಗಿ ಚಾಚಾ. ನಿಮ್ದು ಎಲ್ಲೂ ಹೋಗಲ್ಲ. ನಾಳೆಯೋ ನಾಳಿದ್ದೋ ಬಂದು ತಗೊಂಡು ಹೋಗಿ" ಎಂದಳು. ಪರಿಚಯವಿಲ್ಲದವನನ್ನು ನಂಬಿ ಕೊಟ್ಟ ಆ ಫೋನನ್ನು ಹೊನ್ನಪ್ಪ ಜೋಪಾನವಾಗಿ ಜೇಬಿಗಿಳಿಸಿ, "ಅಂಗಾರೆ ಬತ್ತೀನಿ ಕಣವ್ವ" ಎಂದಷ್ಟೇ ಹೇಳಿ ಹೊರಟ.

ದಾರಿಯುದ್ದಕ್ಕೂ ಆ ಪುಟ್ಟ ಫೋನು ರಿಂಗಾಗುತ್ತಲೇ ಇತ್ತು. ನೀರು ಬಂತಾ, ನಮ್ಮ ಸರದಿ ಯಾವಾಗ, ಮೇಲ್ಗಡೆಯವರು ಬಿಟ್ಟುಕೊಂಡರಾ ಎಂದು ಒಬ್ಬೊಬ್ಬರೂ. ಹೆಸರು ಕಾಣದ್ದರಿಂದ ದನಿಯ ಮೇಲೇ ಗುರುತು ಹಿಡಿದು ಉತ್ತರ ಹೇಳಿದ. ಕೃಷ್ಣನಿಗೆ ಮತ್ತೊಮ್ಮೆ ಮಾಡಲು ಬೆರಳು ಹೋಯಿತು. ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಾದ. ಬೇರೆ ಯಾರದಾದರೂ ಗದ್ದೆಯಾಗಿದ್ದರೆ ಕೃಷ್ಣ ಕೇಳುವ ಮೊದಲೇ ಓಡುತ್ತಿದ್ದ, ಅದು ಹೊನ್ನಪ್ಪನಿಗೆ ಗೊತ್ತು. ಚಿಕ್ಕಂದಿನಲ್ಲಿ ಇಬ್ಬರೂ ಇದೇ ನಾಲೆಯಲ್ಲಿ ಈಜು ಕಲಿತಿದ್ದರು. ಅಶೋಕ ತಮ್ಮನ ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನೀರಿಗೆ ಇಳಿಸುತ್ತಿದ್ದ. ಅದನ್ನೆಲ್ಲ ನೋಡಿದವನಿಗೆ ಈಗಿನದು ಹೆಚ್ಚು ಬೇಸರ.

ಬಸ್ಸಿಳಿದು ಏರಿ ಹತ್ತಿದಾಗ ನಾಲೆ ಅರ್ಧಕ್ಕಿಂತ ಮೇಲೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಹೊನ್ನಪ್ಪ ಓಡಿದ. ತೂಬಿನ ಹತ್ತಿರ ಮಾದಮ್ಮ ಸೀರೆ ಎತ್ತಿ ಕಟ್ಟಿ ಗುದ್ದಲಿ ಹಿಡಿದು ನಿಂತಿದ್ದಳು. ಕೃಷ್ಣ ಎದೆಮಟ್ಟ ಕೆಸರಾಗಿ ಏರಿಯ ಮೇಲೆ ಕೂತು ಉಸಿರು ಬಿಡುತ್ತಿದ್ದ. ತೂಬಿನ ಬಾಗಿಲು ಇಳಿದಿತ್ತು.

ಮಾದಮ್ಮನೇ ಹೇಳಿದಳು. ಹ್ಯಾಂಡಲ್ಲು ತಂದು ತಿರುಗಿಸಿದರೆ ಬಾಗಿಲು ಅರ್ಧಕ್ಕೆ ಬಂದು ನಿಂತುಬಿಟ್ಟಿತಂತೆ. ಹೂಳಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ನೀರು ಒಳಗೆ ನುಗ್ಗಿ ಒಟ್ಲಿನ ಕಡೆ ತಿರುಗಿತು. "ಕಲ್ಲು ಕೀಳೋಗಂಟ ನೀರು ಕಾಯ್ತದಾ? ಕೃಷ್ಣ ಒಂದ್ ಗಳಿಗೆ ಸುಮ್ಕೆ ನಿಂತ್ಕೊಂಡ. ಆಮ್ಯಾಕೆ ಗುದ್ಲಿ ತಕ್ಕೊಂಡು ಬದ ಕಡ್ದು ನೀರ್ನ ತನ್ ಕಡೀಕೆ ತಿರುಗುಸ್ಕೊಂಡ. ಅದಾದ್ ಮ್ಯಾಕೆ ಇಬ್ರೂ ಗುದ್ಲಿ ಕೊಟ್ಟು ಕಲ್ಲ ಪಕ್ಕಕ್ಕೆ ಸರ್ಸಿ ಬಾಗ್ಲು ಇಳುಸ್ದೊ" ಎಂದಳು.

ಹೊನ್ನಪ್ಪ ನೋಡಿದ. ಜಗಳದ ಆ ಬದುವೇ ನಡುವಿನಲ್ಲಿ ಎರಡು ಮಾರಿನಷ್ಟು ಇಲ್ಲವಾಗಿತ್ತು. ಬೀನ್ಸ್ ಹಾಕಲೆಂದು ಕೃಷ್ಣ ಉತ್ತು, ಸಾಲು ಹೊಡೆದು, ಗೊಬ್ಬರ ಚೆಲ್ಲಿಟ್ಟಿದ್ದ ಹೊಲದಲ್ಲಿ ನೀರು ನಿಂತು ಆಕಾಶ ಕಾಣುತ್ತಿತ್ತು. ಬದುವಿನ ಈಚೆ ಒಟ್ಲು ಪಾತಿಯ ಒಂದು ಮೂಲೆ ಮಾತ್ರ ಕೊರೆದಿತ್ತು. ಉಳಿದ ಭತ್ತ ಇದ್ದಲ್ಲೇ ಇತ್ತು.

"ನಿನ್ ಗೊಬ್ರ ಎಲ್ಲಾ ಓಯ್ತಲ್ಲಪ್ಪ" ಎಂದ ಹೊನ್ನಪ್ಪ.

"ಗೊಬ್ರ ತಾನೆ" ಎಂದ ಕೃಷ್ಣ. ಮುಖ ಮಾತ್ರ ಬೇರೆ ಕಡೆಗಿತ್ತು.

ಸಂಜೆಗೆ ಅಶೋಕ ನಾಗಮಂಗಲದಿಂದ ಸ್ಕೂಟರಿನಲ್ಲಿ ಬಂದ. ಯಾರೋ ಸುದ್ದಿ ಮುಟ್ಟಿಸಿದ್ದರು, ಆದರೆ ಅರ್ಧ ಸುದ್ದಿ. ಗೃಹಪ್ರವೇಶದ ಬಿಳಿ ಪಂಚೆಯಲ್ಲೇ ಗದ್ದೆಗೆ ಇಳಿದು, ಕಡಿದ ಬದು ಕಂಡವನೇ ನಿಂತ.

"ಯಾವನ್ಲಾ ಬದ ಕಡ್ದೋನು?"

ಕೃಷ್ಣ ತೂಬಿನ ಬಳಿ, ಪಕ್ಕಕ್ಕೆ ಸರಿಸಿದ್ದ ಆ ಕಲ್ಲನ್ನು ಮೇಲಕ್ಕೆ ತೆಗೆಯಲು ನೋಡುತ್ತಿದ್ದವನು ತಲೆ ಎತ್ತಿದ. "ನಾನೇ."

ಹೊನ್ನಪ್ಪ ಇಬ್ಬರ ನಡುವೆ ಬಂದ. ಅವನ ದನಿ ಏರಲಿಲ್ಲ. "ತೂಬು ಇಳುಸ್ದೆ ಓದೋನು ನಾನು. ಫೋನ್ ರಿಪೇರಿ ಅಂತ ಪಟ್ಣಕ್ಕೋಗಿ ಕುಂತಿದ್ದೋನೂ ನಾನು. ಅವ್ನಿಗೆ ಫೋನ್ ಮಾಡಿ ಕಳ್ಸಿದ್ದೂ ನಾನು. ಬಯ್ಯಂಗಿದ್ರೆ ನನ್ನ ಬಯ್ಯಿ. ಅದ್ಕೂ ಮುಂಚೆ ನಿನ್ ಒಟ್ಲು ನೋಡು. ಆಮ್ಯಾಕೆ ಅವ್ನ ಒಲ ನೋಡು."

ಅಶೋಕ ಒಟ್ಲು ಪಾತಿಯ ಬಳಿ ಕುಕ್ಕರುಗಾಲಲ್ಲಿ ಕೂತ. ಕೆಸರಿನ ಮೇಲೆ ಬೆರಳಾಡಿಸಿ ಒಂದು ಕಾಳು ಎತ್ತಿ ನೋಡಿ, ಮತ್ತೆ ಅದೇ ಜಾಗದಲ್ಲಿ ಒತ್ತಿದ. ಬದುವಿನ ಆಚೆ ನಿಂತ ನೀರನ್ನು ತುಂಬ ಹೊತ್ತು ನೋಡಿದ. ಆಮೇಲೆ ಬಿಳಿ ಪಂಚೆಯನ್ನು ಎತ್ತಿ ಕಟ್ಟಿ ತೂಬಿನ ಬಳಿಗೆ ಹೋದ. ಕಲ್ಲು ದೊಡ್ಡದಿತ್ತು. ಒಬ್ಬನ ಕೈಗೆ ಬಗ್ಗುತ್ತಿರಲಿಲ್ಲ. ಇಬ್ಬರೂ ಸೇರಿ ಅಲುಗಾಡಿಸಿ ಎತ್ತಿ ಏರಿಯ ಮೇಲೆ ಹಾಕಿದರು. ಮಾತು ಮಾತ್ರ ಇಲ್ಲ. ಹೊನ್ನಪ್ಪ ಸದ್ದಿಲ್ಲದೆ ಮಾದಮ್ಮನನ್ನು ಕರೆದುಕೊಂಡು ಮನೆಗೆ ಹೊರಟ.

ಮರುದಿನವೆಲ್ಲ ಸರದಿಯ ಗಡಿಬಿಡಿ. ಅದರ ಮಾರನೆಯ ದಿನ ಅವನು ಪಟ್ಣಕ್ಕೆ ಹೋಗಿ ಬಂದ. ಮನೆಯಲ್ಲಿ ಬೆಳೆದ ಒಂದು ಗೊನೆ ಪುಟ್ಟಬಾಳೆಯನ್ನು ಹೊತ್ತುಕೊಂಡು ಹೋಗಿದ್ದ. ಅಲ್ಮಾಸ್ ಬೇಡ ಬೇಡ ಎಂದರೂ ಅಂಗಡಿಯ ಮೊಳೆಗೆ ತಾನೇ ನೇತುಹಾಕಿದ. ಚಾರ್ಜರು ಸಿಕ್ಕಿಸಿದ ಕೂಡಲೇ ಮಿಂಚು ಮೂಡಿ ನಿಂತಿತು. ಸಿಮ್ಮು ಹಾಕಿ ಫೋನು ಎಚ್ಚರವಾಗುತ್ತಿದ್ದಂತೆ ನಿಂತಿದ್ದ ಮಾತುಗಳೆಲ್ಲ ಒಟ್ಟಿಗೆ ಬಂದು ಬಿದ್ದವು. ಯಾಸಿನ್, "ಇನ್ಮೇಲೆ ಕೆಸರಿಗೆ ಬೀಳಿಸ್ಬೇಡಿ ಚಾಚಾ" ಎಂದು ತೂತಿಗೆ ಮುಚ್ಚುವ ಸಣ್ಣ ರಬ್ಬರು ಬಿರಡೆಯೊಂದನ್ನು ಕೊಟ್ಟ. ಹೊನ್ನಪ್ಪ ಅಲ್ಲೇ ನಿಂತು ಮೊದಲು ಮಗಳಿಗೆ ಫೋನು ಮಾಡಿ, ಯಾಕೆ ಎರಡು ದಿನ ಮಾತು ಕಳಿಸಲಿಲ್ಲ ಎಂಬುದನ್ನು ಬೈಗುಳದ ಸಮೇತ ಕೇಳಿಸಿಕೊಂಡ.

ಊರಿಗೆ ಬಂದು ಏರಿಯ ಮೇಲೆ ನಡೆಯುತ್ತಿದ್ದಾಗ ದೂರದಿಂದಲೇ ಜೋರು ಮಾತು ಕೇಳಿಸಿತು. ಅಶೋಕನೂ ಕೃಷ್ಣನೂ ಬದು ಕಟ್ಟುತ್ತಿದ್ದರು. ಅಶೋಕ ಹಗ್ಗದ ಒಂದು ತುದಿ ಹಿಡಿದಿದ್ದ, ಕೃಷ್ಣ ಇನ್ನೊಂದು ತುದಿ.

"ಇನ್ನೂ ಈಚೆಗಿತ್ತು ಕಣ್ಲಾ ಅದು. ನೀನು ಎಳ್ಕೊಂಡ್ ಎಳ್ಕೊಂಡ್ ಓಯ್ತಾ ಇದ್ದೀಯೆ."

"ಎಲ್ಲಿತ್ತು ಈಚೆಗೆ? ಅಪ್ಪ ನೆಟ್ಟಿದ್ ಕಲ್ಲು ಇಲ್ಲೇ ಇದ್ದಿದ್ದು. ನಿಂಗೇನು ಕಣ್ಣು ಕಾಣಾಕಿಲ್ವಾ?"

ಹೊನ್ನಪ್ಪನನ್ನು ಕಂಡು ಇಬ್ಬರೂ ಒಂದೇ ಸಲಕ್ಕೆ, "ಅಣ್ಣ, ನೀನೇ ಯೋಳು, ಎಲ್ಲಿತ್ತು ಬದ?" ಎಂದರು.

"ನಂಗೆ ಕಡೇ ಗದ್ದೆ ನೋಡೋ ಕೆಲ್ಸ ಅದೆ. ನೀವೇ ನೋಡ್ಕಳ್ರಪ್ಪ" ಎಂದು ಅವನು ನಿಲ್ಲದೆ ಮುಂದೆ ನಡೆದ. ಹಿಂದೆ ಜಗಳ ಮತ್ತೆ ಶುರುವಾಯಿತು. ತಿರುವಿನಲ್ಲಿ ಹೊಂಗೆಮರದ ಕೆಳಗೆ ಒಂದು ಗಳಿಗೆ ನಿಂತು ಕೇಳಿದ. ಇಬ್ಬರ ದನಿಯೂ ಮರಿಯಯ್ಯನದೇ. ಯಾವುದು ಯಾರದ್ದು ಎಂದು ಅಲ್ಲಿಂದ ತಿಳಿಯುತ್ತಿರಲಿಲ್ಲ. ನಾಲೆಯ ನೀರು ಒಂದೇ ಮಟ್ಟದಲ್ಲಿ, ಕಡೆಯ ಗದ್ದೆಗಳ ಕಡೆಗೆ ಹರಿಯುತ್ತಿತ್ತು.